ನನ್ನ ಪ್ರಶ್ನೆಯನ್ನು ತಾವೇ ಮುಗಿಸಿಕೊಟ್ಟ ಅಧ್ಯಕ್ಷರಿಗೆ

ಸಂಶೋಧನಾ ಸಮಿತಿಯ ಘನತೆವೆತ್ತ ಅಧ್ಯಕ್ಷರ ಸನ್ನಿಧಿಗೆ, ತಮ್ಮದೇ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಎಕ್ಸ್-ರೇ ಕೋಣೆಗೂ ಮುರಿದ ಗಾಲಿಕುರ್ಚಿಗಳ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡಿರುವ ಕೋಣೆಯಿಂದ, ವಾಕ್ ಚಿಕಿತ್ಸಕಿಯೊಬ್ಬಳು ಮಾಡಿಕೊಳ್ಳುವ ಬಹಿರಂಗ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕೆಂಪು ಪೆನ್ನು, ಸಭೆಯಲ್ಲಿ ತಾವು ಆಸೀನರಾಗುವ ಎತ್ತರದ ಬೆನ್ನಿನ ಕುರ್ಚಿ ಮತ್ತು ವಿಶೇಷವಾಗಿ ತಮ್ಮ ಗಂಟಲು ಕ್ಷೇಮವೆಂದು ನಂಬಿದ್ದೇನೆ. ಏಕೆಂದರೆ ಇವುಗಳ ಪೈಕಿ ಯಾವುದಕ್ಕೂ ತಾವು ವಿಶ್ರಾಂತಿ ಕೊಟ್ಟದ್ದನ್ನು ನಾನು ಕಂಡಿಲ್ಲ. ಈ ಪತ್ರವನ್ನು ಲಕೋಟೆಯಲ್ಲಿಟ್ಟು ತಮ್ಮ ಮೇಜಿನ ಮೇಲೆ ಇಡಬಹುದಿತ್ತು. ಆದರೆ ತಮ್ಮೆದುರು ನಾನು ಶುರುಮಾಡಿದ ವಾಕ್ಯಗಳಲ್ಲಿ ಇದುವರೆಗೆ ಒಂದೂ ನನ್ನ ಬಾಯಲ್ಲೇ ಮುಗಿದಿಲ್ಲವಾದ್ದರಿಂದ, ನಾಲ್ಕು ಜನರ ಮುಂದೆ ಬರೆದರೆ ಪೂರ್ಣವಿರಾಮದ ತನಕವಾದರೂ ತಲುಪಬಹುದೆಂಬ ದುರಾಸೆಯಿಂದ ಹೀಗೆ ಬರೆಯುತ್ತಿದ್ದೇನೆ.

ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಅದನ್ನು ಮತ್ತೆ ಹುಡುಕಿಕೊಡುವುದು ನನ್ನ ಕಸುಬು. ನನ್ನ ಬಳಿ ಬರುವವರಲ್ಲಿ ಬಹಳಷ್ಟು ಮಂದಿಗೆ ಬುದ್ಧಿ ನೆಟ್ಟಗಿರುತ್ತದೆ, ನೆನಪು ಇರುತ್ತದೆ, ಸಿಟ್ಟಂತೂ ಮೊದಲಿಗಿಂತ ಹೆಚ್ಚೇ ಇರುತ್ತದೆ. ಬೇಕಾದ ಪದ ಮಾತ್ರ ಗಂಟಲಿನಿಂದ ನಾಲಿಗೆಗೆ ಬರುವಷ್ಟರಲ್ಲಿ ಎಲ್ಲೋ ದಾರಿ ತಪ್ಪುತ್ತದೆ. ಇಷ್ಟು ವರ್ಷ ಪರರ ಮನೆಯ ಈ ಕಷ್ಟವನ್ನು ಸಂಬಳಕ್ಕಾಗಿ ನೋಡಿಕೊಂಡು ಆರಾಮವಾಗಿದ್ದ ನನಗೆ, ಹೋದ ವರ್ಷ ಅದು ನಮ್ಮ ಮನೆಗೇ ಬಂದು ಕುಳಿತಿತು. ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ, ಮೇಲಿನ ಗಾಜಿನ ಗೂಡಿನಿಂದ ಕೂಗಿದರೆ ಕೆಳಗಿನ ಹಡಗಿನವರು ಬೆಚ್ಚಿಬೀಳುತ್ತಿದ್ದ ನಮ್ಮ ಮಾವನವರು ಒಂದು ಬೆಳಗ್ಗೆ ಸ್ನಾನದ ಮನೆಯಲ್ಲಿ ಕುಸಿದರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ಬಲಗೈ ಸೋತಿತ್ತು, ಮಾತು ಒಂದೊಂದೇ ಅಕ್ಷರವಾಗಿ ತೆವಳುತ್ತಿತ್ತು.

ನಮ್ಮ ಮನೆಯವರು ಪ್ರೀತಿಯಲ್ಲಿ ಯಾರಿಗೂ ಕಮ್ಮಿಯಿಲ್ಲ. ಮಾವನವರು "ನೀ…" ಎಂದು ಶುರುಮಾಡಿದರೆ ಸಾಕು, ಅತ್ತೆ ಓಡಿಹೋಗಿ ನೀರು ತರುತ್ತಿದ್ದರು. ಅವರು ತಲೆ ಅಲ್ಲಾಡಿಸಿದರೆ ನನ್ನ ಗಂಡ ಬಿಸಿನೀರು ತರುತ್ತಿದ್ದರು. ಮತ್ತೆ ತಲೆ ಅಲ್ಲಾಡಿಸಿದರೆ ನಾದಿನಿ ಫೋನಿನಲ್ಲೇ, "ಅಮ್ಮಾ, ನಿಂಬೆಹಣ್ಣಿನ ನೀರು ಕೇಳ್ತಿರಬೇಕು ನೋಡು" ಎಂದು ಸಲಹೆ ಕೊಡುತ್ತಿದ್ದಳು. ಮೂರನ್ನೂ ಕುಡಿದ ಮೇಲೆ, ಅವರು ಕೇಳುತ್ತಿದ್ದದ್ದು ಹಗ್ಗದ ಮೇಲೆ ಒಣಗುತ್ತಿದ್ದ ತಮ್ಮ ನೀಲಿ ಅಂಗಿಯನ್ನು ಎಂಬುದು, ಅವರೇ ಗೋಡೆ ಹಿಡಿದು ಎದ್ದುಹೋಗಿ ಅದನ್ನು ಎಡಗೈಯಲ್ಲಿ ಎಳೆದಾಗ ಎಲ್ಲರಿಗೂ ಗೊತ್ತಾಯಿತು. ಕೆಲವು ವಾರ ಕಳೆಯುವಷ್ಟರಲ್ಲಿ ಅವರು ಏನನ್ನೂ ಶುರುಮಾಡುವುದನ್ನೇ ಬಿಟ್ಟರು. ಏನು ಕೇಳಿದರೂ "ಹೂಂ" ಎನ್ನುತ್ತಿದ್ದರು. ಅತ್ತೆ, "ಈಗ ಹಟ ಕಮ್ಮಿಯಾಗಿದೆ, ಪಾಪ" ಎಂದರು. ಹಟ ಕಮ್ಮಿಯಾಗಿರಲಿಲ್ಲ, ಮಾವನವರೇ ಕಮ್ಮಿಯಾಗುತ್ತಿದ್ದರು.

ಹೀಗೆ ಹುಟ್ಟಿದ ಒಂದು ಸಾಲಿನ ಪ್ರಶ್ನೆಯನ್ನು ಹಿಡಿದುಕೊಂಡು, ಸಂಶೋಧನಾ ಪದವಿಗೆ ಹೆಸರು ನೋಂದಾಯಿಸಿ, ನಾನು ತಮ್ಮ ಸಮಿತಿಯ ಮುಂದೆ ಬಂದೆ: "ಮನೆಯವರು ರೋಗಿಯ ಮಾತನ್ನು ತಾವೇ ಮುಗಿಸಿಕೊಡುತ್ತಾ ಹೋದರೆ, ರೋಗಿ ಮಾತಾಡುವುದನ್ನೇ ಬಿಡುತ್ತಾನೆಯೇ?" ತಾವು ಅದನ್ನು ಓದಿ, ಕನ್ನಡಕ ತೆಗೆದು, ನನ್ನ ಮೇಲೆ ಕರುಣೆಯಿಟ್ಟು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಅಲ್ಲಮ್ಮಾ, ಇದು ಓದಿದ ತಕ್ಷಣ ಅರ್ಥ ಆಗ್ಬಿಡ್ತು. ಅರ್ಥ ಆಗೋ ಪ್ರಶ್ನೆಗೆ ಯಾರಾದ್ರೂ ಪದವಿ ಕೊಡ್ತಾರಾ?"

ನಾನು ಪ್ರಶ್ನೆಯನ್ನು ಹಿಗ್ಗಿಸಿದೆ. ಮುಂದಿನ ಸಭೆಗೆ ಅದು "ಕುಟುಂಬದಲ್ಲಿ ಸಂವಹನದ ಸ್ವರೂಪ" ಎಂದಾಗಿತ್ತು. "ಇದು ಪ್ರಶ್ನೆ ಅಲ್ಲ, ಸಮುದ್ರ. ಒಂದು ಲೋಟದಲ್ಲಿ ಹಿಡ್ಕೊಂಡು ಬನ್ನಿ" ಎಂದಿರಿ. ಲೋಟದಲ್ಲಿ ಹಿಡಿದು ತಂದೆ. "ಲೋಟವೇನೋ ಚೆನ್ನಾಗಿದೆ, ಆದ್ರೆ ಸಮುದ್ರ ಎಲ್ಲೂ ಕಾಣ್ತಾ ಇಲ್ವಲ್ಲ" ಎಂದಿರಿ. ಈ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಿದ್ದಾರೆಯೇ ಎಂದು ವಿಚಾರಿಸಿದಿರಿ. ಕೇಳಿದ್ದಾರೆಂದಾಗ, ಹಾಗಿದ್ದರೆ ನೀವ್ಯಾಕೆ ಕೇಳಬೇಕು ಎಂದಿರಿ. ನಾನು ಕೇಳುವ ಬಗೆಯಲ್ಲಿ ಯಾರೂ ಕೇಳಿಲ್ಲವೆಂದು ತಿದ್ದಿಕೊಂಡಾಗ, ಯಾರೂ ಕೇಳದ್ದು ಕೇಳುವಂಥದ್ದು ಹೇಗಾದೀತು ಎಂದಿರಿ. ಒಂದು ಪ್ರಶ್ನೆಯನ್ನು ಮುಂದಿನ ಬಾಗಿಲು, ಹಿಂದಿನ ಬಾಗಿಲು ಎರಡರಿಂದಲೂ ಒಟ್ಟಿಗೆ ಹೊರಗೆ ಹಾಕುವ ಈ ಚಾತುರ್ಯವನ್ನು ನಾನು ಬೇರೆಲ್ಲೂ ಕಂಡವಳಲ್ಲ.

ಶೀರ್ಷಿಕೆಯ ವಿಷಯದಲ್ಲಿ ತಾವು ತೋರಿದ ಔದಾರ್ಯವನ್ನೂ ಇಲ್ಲಿ ನೆನೆಯಬೇಕು. ತಮ್ಮ ಮಾರ್ಗದರ್ಶನದಲ್ಲಿ ಅದು, "ಪಾರ್ಶ್ವವಾಯುಪೀಡಿತ ವಯಸ್ಕರ ವಾಕ್ ಪುನಶ್ಚೇತನದಲ್ಲಿ ಕೌಟುಂಬಿಕ ಮಧ್ಯಪ್ರವೇಶದ ಪಾತ್ರ: ಒಂದು ಬಹುಆಯಾಮಿ ಅವಲೋಕನದತ್ತ ಒಂದು ಪ್ರಾಥಮಿಕ ಹೆಜ್ಜೆ" ಎಂದು ಬೆಳೆದು ದೊಡ್ಡದಾಯಿತು. ಬೆರಳಚ್ಚು ಮಾಡಲು ಕೊಟ್ಟಾಗ ಕಚೇರಿಯ ಟೈಪಿಸ್ಟ್, "ಮೇಡಂ, ಇದು ಹೆಸರಾ, ವಿಳಾಸಾ?" ಎಂದು ಕೇಳಿದರು. ಆಮೇಲೆ ಸಾರಾಂಶದ ಸರದಿ. ಅದನ್ನು ಎಲ್ಲಕ್ಕಿಂತ ಮೊದಲೇ ಬರೆದುಕೊಂಡು ಬರಬೇಕೆಂದು ತಾವು ಅಪ್ಪಣೆ ಕೊಟ್ಟಿರಿ. "ಸರ್, ನಾನಿನ್ನೂ ಕೆಲಸ ಶುರು…" ಎಂದು ನಾನು ಬಾಯಿ ತೆರೆದರೆ, "ಮಾಡಿಲ್ಲ, ಗೊತ್ತಮ್ಮಾ. ಅದಕ್ಕೇ ಬರೆಯೋದು ಸುಲಭ" ಎಂದು ತಾವೇ ಮುಗಿಸಿದಿರಿ. ಸಮಿತಿಯ ಅಂಕಿಅಂಶ ತಜ್ಞರು ಪ್ರತಿ ಸಲವೂ "ಎಷ್ಟು ಮಂದಿ?" ಎಂಬ ಒಂದೇ ಪ್ರಶ್ನೆ ಕೇಳಿದರು, ಅವರ ಪ್ರಶ್ನೆಗೆ ಮಾತ್ರ ಯಾವ ಸಮಿತಿಯ ಒಪ್ಪಿಗೆಯೂ ಬೇಕಾಗಲಿಲ್ಲ. ಹಿರಿಯ ಸದಸ್ಯರು ಎಂದಿನಂತೆ ಕಣ್ಣು ಮುಚ್ಚಿ ಚಿಂತನೆಯಲ್ಲಿದ್ದರು, ಚಿಂತನೆ ಆಗಾಗ ಗೊರಕೆ ಹೊಡೆಯುತ್ತಿತ್ತು.

ಇತ್ತ ಪ್ರಶ್ನೆಗೆ ಒಪ್ಪಿಗೆ ಸಿಗುವ ತನಕ ಮಾವನವರು ಕಾಯುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಸಮಿತಿಯ ಕ್ಷಮೆ ಕೋರಿ ನಾನು ಮನೆಯಲ್ಲೇ ಕೆಲಸ ಆರಂಭಿಸಿದೆ. ನಿಯಮ ಒಂದೇ: ಅವರು ಬಾಯಿ ತೆರೆದರೆ, ಮುಚ್ಚುವ ತನಕ ಉಳಿದವರು ಮುಚ್ಚಿಕೊಂಡಿರಬೇಕು. ಹೇಳುವುದು ಸುಲಭ. ನನ್ನ ಗಂಡ ಆ ಮೌನ ತಡೆಯಲಾರದೆ ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು. ಅತ್ತೆಯಂತೂ, "ಅವರು ಅಷ್ಟು ಒದ್ದಾಡ್ತಿದ್ರೆ ನಾನು ಕಲ್ಲಿನ ಥರ ಕೂತಿರ್ಬೇಕಾ? ಇದ್ಯಾವ ಸೀಮೆ ವೈದ್ಯ ನಿಂದು?" ಎಂದು ನನ್ನ ಮೇಲೆ ಹರಿಹಾಯ್ದರು. ಕೊನೆಗೆ ಅವರ ಬಾಯಿಗೆ ಬಿಸ್ಕತ್ತು ಕೊಟ್ಟು ಕೂರಿಸಿದೆ; ಬಿಸ್ಕತ್ತು ಬಾಯಲ್ಲಿದ್ದಷ್ಟು ಹೊತ್ತು ಮಾವನವರದೇ ಸಮಯ. ಮೊದಮೊದಲು ಮಾವನವರೇ ಗಾಬರಿಯಾಗಿ ನಮ್ಮ ಮುಖ ನೋಡುತ್ತಿದ್ದರು, ಎಲ್ಲರಿಗೂ ತಮ್ಮ ಮೇಲೆ ಕೋಪ ಬಂದಿದೆಯೇನೋ ಎಂಬಂತೆ. ಒಂದು ಮಧ್ಯಾಹ್ನ ಅವರು "ನೀ…" ಎಂದರು. ಅತ್ತೆ ಎದ್ದರು, ನಾನು ಅವರ ಸೆರಗು ಹಿಡಿದು ಕೂರಿಸಿದೆ. ಮಾವನವರ ಹಣೆಯಲ್ಲಿ ಬೆವರು ಮೂಡಿತು. "ನೀ… ರು…" ಎಂದರು. ಅತ್ತೆ ವಿಜಯೋತ್ಸಾಹದಿಂದ ನನ್ನನ್ನು ನೋಡಿದರು. ಬಹಳ ಹೊತ್ತಿನ ಮೇಲೆ ಮಾವನವರು ಉಳಿದದ್ದನ್ನು ಹೇಳಿದರು: "…ಬೇಡ."

ಅತ್ತೆ ಬಿಸ್ಕತ್ತನ್ನು ಅಗಿಯುವುದನ್ನೂ ಮರೆತು ಅತ್ತರು. ಆ ದಿನದಿಂದ ನಿಯಮವನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸಿದವರು ಅವರೇ.

ಈ ಸುದ್ದಿಯೊಂದಿಗೆ ನಾನು ಕೊನೆಯ ಸಭೆಗೆ ಬಂದೆ. ಆ ದಿನ ಪ್ರಶ್ನೆಗೆ ಒಪ್ಪಿಗೆ ಸಿಗದಿದ್ದರೆ ನನ್ನ ನೋಂದಣಿಯೇ ರದ್ದಾಗುವುದಿತ್ತು. ಒಬ್ಬ ರೋಗಿಯನ್ನಾದರೂ ಕಣ್ಣಾರೆ ನೋಡದೆ ಹೇಗೆ ಒಪ್ಪುವುದೆಂದು ತಾವು ಕೇಳಿದ್ದರಿಂದ, ಮಾವನವರ ಒಪ್ಪಿಗೆ ಪಡೆದು ಅವರನ್ನೇ ಗಾಲಿಕುರ್ಚಿಯಲ್ಲಿ ಕರೆತಂದೆ. ಅವರು ಕ್ಷೌರ ಮಾಡಿಸಿಕೊಂಡು ಬಂದಿದ್ದರು. ತಾವು ಮುಂದಕ್ಕೆ ಬಾಗಿ, ಕಿವುಡರೊಂದಿಗೆ ಮಾತಾಡುವಷ್ಟು ಜೋರಾಗಿ, "ಹೇಗಿದ್ದೀರಿ ಯಜಮಾನ್ರೇ?" ಎಂದು ಕೇಳಿ, ಅವರು ತುಟಿ ಕದಲಿಸುವ ಮೊದಲೇ, "ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ" ಎಂದು ಸಮಿತಿಗೆ ವರದಿ ಒಪ್ಪಿಸಿದಿರಿ. ಮಾವನವರು "ನಾ…" ಎಂದರು. "ನಾಚ್ಕೋಬೇಡಿ, ಹೇಳಿ" ಎಂದಿರಿ. ಅವರು ಮತ್ತೆ "ನಾ…" ಎಂದರು. "ನಾಲಿಗೆ ಹೊರಳಲ್ವಾ? ನಾಳೆ ಬರ್ತೀರಾ?" ಎಂದಿರಿ. ಆಗ ಮಾವನವರು ಎಡಗೈಯನ್ನು, ಅಂಗೈ ತಮ್ಮ ಕಡೆಗೆ ತಿರುಗಿಸಿ, ಎತ್ತಿ ಹಿಡಿದರು. ಬಂದರಿನಲ್ಲಿ ಕೆಳಗೆ ನಿಂತವನು ಹಾಗೆ ಕೈ ಎತ್ತಿದರೆ ಮೇಲಿನ ಸರಕು ಗಾಳಿಯಲ್ಲೇ ನಿಲ್ಲಬೇಕಂತೆ. ತಮ್ಮ ಮಾತೂ ನಿಂತಿತು. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಹಿರಿಯ ಸದಸ್ಯರು ಗಾಬರಿಯಿಂದ ಎಚ್ಚೆತ್ತರು. "ನಾ… ನು… ಇನ್ನೂ…" ಎಂದು ಮಾವನವರು ಒಂದೊಂದೇ ಪದವನ್ನು ಕೆಳಗಿಳಿಸಿದರು, "…ಮುಗಿಸಿಲ್ಲ."

ನನ್ನ ಕಣ್ಣು ತುಂಬಿತ್ತು. ತಾವು ಚಪ್ಪಾಳೆ ತಟ್ಟಿದಿರಿ. ಅಂಕಿಅಂಶ ತಜ್ಞರು ಮಾತ್ರ, "ಒಬ್ಬರು ಸಾಲಲ್ಲ. ಕನಿಷ್ಠ ಮೂವತ್ತು ಮಾವಂದಿರು ಬೇಕು" ಎಂದರು. ತಾವು ಅದಕ್ಕೆ ತಲೆದೂಗಿ, ಅದೂ ಅಲ್ಲದೆ ಇವರು ಸಂಶೋಧಕಿಯ ಸ್ವಂತ ಮಾವ, ಆದ್ದರಿಂದ ಪಕ್ಷಪಾತದ ಸಂಶಯವಿದೆ ಎಂದು ಷರಾ ಬರೆದು ನನ್ನ ಪ್ರಶ್ನೆಯನ್ನು ತಳ್ಳಿಹಾಕಿದಿರಿ. ಮನೆಗೆ ಹೋಗುವಾಗ ಲಿಫ್ಟಿನಲ್ಲಿ ಮಾವನವರು ನನ್ನ ಕೈಯನ್ನು ಮೆಲ್ಲನೆ ತಟ್ಟುತ್ತಲೇ ಇದ್ದರು. ಸೋತವರನ್ನು ಸಮಾಧಾನ ಮಾಡಲು ಅವರಿಗೆ ಪದ ಬೇಕಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ತಮಗೆ ಈ ಓದಿನ ಶ್ರಮ ಕೊಡುತ್ತಿರಲಿಲ್ಲ. ಈ ತಿಂಗಳ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ತಮ್ಮ ಹೆಸರಿನಲ್ಲಿ, ತಮ್ಮೊಬ್ಬರದೇ ಹೆಸರಿನಲ್ಲಿ, ಒಂದು ಪ್ರಬಂಧ ಪ್ರಕಟವಾಗಿದೆ. ಅದರ ಸಂಶೋಧನಾ ಪ್ರಶ್ನೆ ಒಂದೇ ಸಾಲಿನದು ಮತ್ತು ಓದಿದ ತಕ್ಷಣ ಅರ್ಥವಾಗುತ್ತದೆ. ಪೀಠಿಕೆಯಲ್ಲಿ, "ಇಷ್ಟು ಸರಳವಾದ ಪ್ರಶ್ನೆ ಈವರೆಗೆ ಯಾರಿಗೂ ಹೊಳೆಯದಿರುವುದು ಅಚ್ಚರಿ" ಎಂದಿದೆ. ಸಂಶೋಧನಾ ವಿಧಾನದ ಭಾಗದಲ್ಲಿ, "ಲೇಖಕರು ರೋಗಿಯ ಮುಂದೆ ತಾಳ್ಮೆಯಿಂದ, ಮೌನವಾಗಿ ಕಾದರು" ಎಂದಿದೆ. ಇದನ್ನು ಓದುವಾಗ ನಾನು ಕುಡಿಯುತ್ತಿದ್ದ ಚಹಾ ಮೂಗಿಗೇರಿತು. ಫಲಿತಾಂಶದಲ್ಲಿ ಮಾವನವರ ವಾಕ್ಯ ಉದ್ಧರಣ ಚಿಹ್ನೆಗಳ ನಡುವೆ ಕುಳಿತಿದೆ, ಅದನ್ನು ಆಡಿದವರು "ರೋಗಿ ಕ" ಆಗಿದ್ದಾರೆ. ನಾನು ನನ್ನನ್ನು ಎಲ್ಲೆಡೆ ಹುಡುಕಿ, ಕಟ್ಟಕಡೆಗೆ ಕೃತಜ್ಞತೆಗಳಲ್ಲಿ, ಪ್ರೊಜೆಕ್ಟರ್ ನಡೆಸಿದವರ ನಂತರ ಸಿಕ್ಕಿದೆ: "ಗಾಲಿಕುರ್ಚಿ ತಳ್ಳಿ ಸಹಕರಿಸಿದ ಸಿಬ್ಬಂದಿಗೆ."

ದೂರು ಕೊಡಲು ನಿರ್ದೇಶಕರ ಬಳಿ ಹೋದೆ. ಅವರು ನೀತಿ ಉಪಸಮಿತಿಗೆ ಬರೆಯಲು ಹೇಳಿದರು. ಉಪಸಮಿತಿಯ ಅಧ್ಯಕ್ಷರು ಯಾರೆಂದು ವಿಚಾರಿಸಿ, ತಮ್ಮ ಬಾಗಿಲನ್ನೇ ತಟ್ಟಿದೆ. "ವಿಜ್ಞಾನದಲ್ಲಿ ನಂದು ನಿಂದು ಅಂತ ಇರಲ್ಲಮ್ಮಾ" ಎಂದು ಬುದ್ಧಿ ಹೇಳಿದಿರಿ. "ಹಾಗಿದ್ರೆ ತಮ್ಮ ಹೆಸರನ್ನ…" ಎಂದು ನಾನು ಶುರುಮಾಡಿದೆ. "ಹಾಕ್ಲೇಬೇಕಲ್ಲ, ಪತ್ರಿಕೆಯವರು ಕೇಳ್ತಾರೆ" ಎಂದಿರಿ.

ಮಾನ್ಯರೇ, ತಾವು ಸಾಮಾನ್ಯರಲ್ಲ. ಇತರರು ಮಾತನ್ನಷ್ಟೇ ಮುಗಿಸಿಕೊಡುತ್ತಾರೆ, ತಾವು ಇನ್ನೊಬ್ಬರ ಸಂಶೋಧನೆಯನ್ನೇ ಮುಗಿಸಿಕೊಟ್ಟ ಮಹಾನುಭಾವರು. ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ಇನ್ನು ಮುಂದೆ ಪ್ರತಿ ಪ್ರಬಂಧದಲ್ಲೂ ಪೀಠಿಕೆಗೆ ಮುಂಚೆ "ಮೊದಲು ಕೇಳಿದವರು ಯಾರು" ಎಂಬ ಹೊಸ ಭಾಗವೊಂದನ್ನು ಕಡ್ಡಾಯ ಮಾಡಬೇಕು. "ಅಧ್ಯಯನದ ಮಿತಿಗಳು" ಎಂಬ ಭಾಗದಲ್ಲಿ ಬೇರೇನನ್ನೂ ಬರೆಯದೆ ತಮ್ಮ ಭಾವಚಿತ್ರವನ್ನು ಅಂಟಿಸಲು ಅನುಮತಿ ಕೊಡಬೇಕು. ಸಭೆಗಳಲ್ಲಿ ತಮಗೂ ಒಂದು ಬಿಸ್ಕತ್ತನ್ನು ಸರ್ಕಾರಿ ಖರ್ಚಿನಲ್ಲಿ ಮಂಜೂರು ಮಾಡಬೇಕು, ಅದು ಸುಲಭವಾಗಿ ಕರಗದ ಜಾತಿಯದಾಗಿದ್ದರೆ ಇನ್ನೂ ಒಳ್ಳೆಯದು. ಮತ್ತು ರೋಗಿ ಕ ಅವರಿಗೆ ಒಂದು ಹೆಸರಿದೆ, ಅದನ್ನು ಅವರೇ ಹೇಳಬಲ್ಲರು. ತಾವು ಒಮ್ಮೆ ನಮ್ಮ ಮನೆಗೆ ಬಂದು, ಅವರೆದುರು ಕುಳಿತು, ಅವರು ಅದನ್ನು ಪೂರ್ತಿ ಹೇಳುವ ತನಕ ಕೇಳಬೇಕು. ಈ ಕೊನೆಯದು ಅಸಾಧ್ಯವೆಂದು ನನಗೆ ಗೊತ್ತು.

ನಾನು ಪದವಿ ಬಿಟ್ಟಿದ್ದೇನೆ, ಪ್ರಶ್ನೆ ಬಿಟ್ಟಿಲ್ಲ. ಈಗ ನನ್ನ ಕೋಣೆಗೆ ರೋಗಿಗಳ ಜತೆ ಮನೆಯವರೂ ಬಂದು ಎದುರಿನ ಬೆಂಚಿನಲ್ಲಿ ಕೂರುತ್ತಾರೆ, ಸುಮ್ಮನಿರುವುದನ್ನು ಕಲಿಯುತ್ತಾರೆ. ಕಲಿಸಲು ಕೆಲವೊಮ್ಮೆ ನಮ್ಮ ಅತ್ತೆಯೇ ಬರುತ್ತಾರೆ, ಅಲ್ಲಿ ಅವರೊಬ್ಬರೇ ಮಾತಾಡುತ್ತಾರೆಂಬುದು ಬೇರೆ ವಿಷಯ.

ನಿನ್ನೆ ಸಂಜೆ ಅತ್ತೆಗೂ ಮಾವನವರಿಗೂ ಜಗಳವಾಯಿತು. ಕಾಯಿಲೆ ಬಂದ ಮೇಲೆ ಇದೇ ಮೊದಲು. ಚಳಿಯೆಂದು ಅತ್ತೆ ಕಿಟಕಿ ಮುಚ್ಚಿದರು. ಮಾವನವರು ತೆಗೆಯೆಂದರು. ಅತ್ತೆ ಒಪ್ಪಲಿಲ್ಲ. ಆಗ ಮಾವನವರು ಎಡಗೈಯಲ್ಲಿ ಕುರ್ಚಿಯ ಕೈಯನ್ನು ಹಿಡಿದು ನೆಟ್ಟಗೆ ಕುಳಿತು, ತಡವರಿಸುತ್ತಾ, ಉಸಿರು ತೆಗೆದುಕೊಳ್ಳುತ್ತಾ, ಒಂದು ಪದವನ್ನೂ ಯಾರಿಂದಲೂ ಸಾಲ ಪಡೆಯದೆ ಹೇಳಿದರು: "ನಿನ್ನ… ಚಳಿಗೆ… ನಾನ್ಯಾಕೆ… ಬೇಯಬೇಕು?" ಅತ್ತೆ ಹೋಗಿ ಕಿಟಕಿ ತೆಗೆದರು, ಶಾಲು ಹೊದ್ದುಕೊಂಡರು, ಅದರ ಅಂಚಿನಿಂದಲೇ ಕಣ್ಣೊರೆಸಿಕೊಂಡು ಅವರ ಎದುರು ಬಂದು ಕುಳಿತರು. "ಇನ್ನೊಂದ್ಸಲ ಬೈಯಿರಿ, ಕೇಳೋಣ" ಎಂದರು.

ಈ ವಾಕ್ಯವನ್ನಾದರೂ ನಾನೇ ಮುಗಿಸಲು ಬಿಟ್ಟದ್ದಕ್ಕೆ ಆಭಾರಿಯಾಗಿರುವ,
ತಮ್ಮ ವಿಶ್ವಾಸಿ,
ಗಾಲಿಕುರ್ಚಿ ತಳ್ಳಿ ಸಹಕರಿಸಿದ ಸಿಬ್ಬಂದಿ

ತಾ.ಕ.: ತಮ್ಮ ಪ್ರಬಂಧವನ್ನು ಮಾವನವರಿಗೆ ಪೂರ್ತಿ ಓದಿ ಹೇಳಿದೆ. ಕೇಳಿದ ಮೇಲೆ ಅವರು ತಮ್ಮನ್ನು ಕುರಿತು ಒಂದು ಶಬ್ದವನ್ನು ಒಂದಿಷ್ಟೂ ತಡವರಿಸದೆ ಹೇಳಿದರು. ಮಾತು ಹೋದವರಿಗೂ ಬೈಗುಳ ಸಲೀಸಾಗಿ ಬರುವುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಲ್ಲ ಸಂಗತಿಯಾದ್ದರಿಂದ ಅದನ್ನು ನಾನು ಪ್ರಗತಿಯೆಂದು ದಾಖಲಿಸಿಲ್ಲ. ಆದರೆ ಅದರ ಹಿಂದೆ ಅವರು ಸ್ವಂತವಾಗಿ ಯೋಚಿಸಿ, ಹುಡುಕಿ, ಕಷ್ಟಪಟ್ಟು ಸೇರಿಸಿದ ಎರಡು ವಿಶೇಷಣಗಳು ಗಮನಾರ್ಹ ಸುಧಾರಣೆ. ತಮ್ಮ ಮುಂದಿನ ಪ್ರಬಂಧಕ್ಕೆ ಬೇಕಿದ್ದರೆ ತಿಳಿಸಿ, ಕಳುಹಿಸಿಕೊಡುತ್ತೇನೆ.