ಒಂಬತ್ತು ಬುಟ್ಟಿ, ಒಬ್ಬ ಆಟಗಾರ, ನಮ್ಮ ಅತ್ತೆ

ಇದನ್ನು ಬರೆಯಲು ಕೂತು ಆಗಲೇ ಮೂರು ಸಲ ಎದ್ದಿದ್ದೇನೆ. ಒಮ್ಮೆ ಹಾಲು ಉಕ್ಕಿತು. ಒಮ್ಮೆ ನಮ್ಮವರಿಗೆ ಗಾಡಿಯ ಕೀಲಿ ಸಿಗಲಿಲ್ಲ, ಗಾಡಿಯಲ್ಲೇ ಇತ್ತು. ಈಗ ಮಗಳ ಪೆನ್ಸಿಲ್ ಮುರಿದಿದೆ. ನಾನು ಕೂತೆನೆಂದರೆ ಸಾಕು, ಮನೆಮಂದಿಗೆಲ್ಲ ಕೆಲಸ ನೆನಪಾಗುತ್ತದೆ. ರೊಕ್ಕ ಕೊಟ್ಟು ಆಡಲು ಹೋದಲ್ಲಿಯೂ ಇದೇ ಕಥೆ.

ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ದಾರಿಯಲ್ಲಿ ಒಬ್ಬರು ತಮ್ಮ ಮಾವಿನ ತೋಟದೊಳಗೆ ಡಿಸ್ಕ್ ಗಾಲ್ಫ್ ಎಂಬ ಆಟ ಶುರು ಮಾಡಿದ್ದಾರೆ. ಕಂಬಕ್ಕೊಂದು ಕಬ್ಬಿಣದ ಬುಟ್ಟಿ, ಅದರ ಮೇಲೆ ಜೋತುಬಿಟ್ಟ ಸರಪಳಿ. ದೂರದಿಂದ ಪ್ಲಾಸ್ಟಿಕ್ ತಟ್ಟೆ ಎಸೆಯುತ್ತ ಬಂದು ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಬೀಳಿಸಿದವರು ಗೆದ್ದರು. ಐನೂರು ರೂಪಾಯಿ ಕೊಟ್ಟರೆ, ದೊಡ್ಡ ದೊಡ್ಡ ಪಂದ್ಯ ಆಡಿದ ಹುಬ್ಬಳ್ಳಿ ಕಡೆಯ ಆಟಗಾರನೊಬ್ಬ ನಮ್ಮ ಜೊತೆ ಒಂಬತ್ತು ಬುಟ್ಟಿ ಆಡುತ್ತಾನೆ.

ನನಗೂ ಆಡಬೇಕು ಅಂದೆ. ನಮ್ಮವರು ನಕ್ಕರು.

"ರೊಕ್ಕ ಕೊಟ್ಟು ಸೋಲಾಕ ಹೊಂಟಿಯೇನ? ಮನ್ಯಾಗ ನಾನ ಪುಕ್ಕಟ ಸೋಲಸ್ತಿದ್ದೆ."

"ಒಂದ ಬುಟ್ಟಿಯೊಳಗರ ಅವನ್ನ ಸೋಲಸ್ತೇನಿ, ನೋಡ್ರಿ."

"ನಿನ್ನ ತವರು ಹಿರೇಕೆರೂರ ಮಂದಿ ಬಾಯಿಲೆ ಗೆಲ್ತಾರ ಅಷ್ಟ. ನೀ ಸೋಲಿಸಿದ್ರ ಒಂದ ತಿಂಗಳ ಮುಂಜಾನಿ ಚಹಾ ನಾ ಮಾಡ್ತೇನಿ."

ಮದುವೆಯಾಗಿ ಒಂಬತ್ತು ವರ್ಷ. ಹಾಸಿಗೆಯಲ್ಲಿ ಕೂತು, ಇನ್ನೊಬ್ಬರು ಮಾಡಿಕೊಟ್ಟ ಬಿಸಿ ಚಹಾ ಕುಡಿದದ್ದು ಒಂದು ದಿನವೂ ಇಲ್ಲ. ಸೀರೆಗೆ ಪಿಕೋ ಹಾಕಿ ಕೂಡಿಸಿದ್ದ ರೊಕ್ಕವನ್ನು ಅವತ್ತೇ ಕಟ್ಟಿದೆ.

ತಾಟುಗಳು

ರವಿವಾರ ಮನೆಮಂದಿಯೆಲ್ಲ ಹೊರಟೆವು. ಆಟಗಾರ ತನ್ನ ಚೀಲ ಬಿಚ್ಚಿ, ಬಣ್ಣಬಣ್ಣದ ಹದಿನೈದು ತಟ್ಟೆ ಹುಲ್ಲಿನ ಮೇಲೆ ಸಾಲಾಗಿ ಹರಡಿದ.

ಅತ್ತೆ ಎಣಿಸಿ ನೋಡಿ ಕೇಳಿದರು, "ತಮ್ಮಾ, ಊಟಕ್ಕ ಎಷ್ಟ ಮಂದಿ ಬರಾಕತ್ತಾರ?"

ಒಂದು ದೂರ ಎಸೆಯುವುದಕ್ಕೆ, ಒಂದು ಹತ್ತಿರಕ್ಕೆ, ಇನ್ನೊಂದು ಎಡಕ್ಕೆ ಹೊರಳುತ್ತದೆ ಎಂದು ಆತ ಪಾಪ ಸಮಾಧಾನದಿಂದ ತಿಳಿಸಿ ಹೇಳಿದ. ಅತ್ತೆ ಒಂದನ್ನು ಎತ್ತಿ, ಬೆರಳಿನಿಂದ ಬಡಿದು, ತಿರುವಿ ನೋಡಿದರು.

"ಎಲ್ಲಾ ಖರೆ. ಆದ್ರ ಅಂಚು ಇಷ್ಟ ಸಣ್ಣದಾದ್ರ ಸಾರು ಹೆಂಗ ನಿಲ್ತೈತಿ?"

ಕೊಡದ ಮುಚ್ಚಳ

ನನ್ನ ಮೊದಲ ಎಸೆತವೇ ಬೇಲಿ ಹಾರಿ ಪಕ್ಕದ ಗೋವಿನಜೋಳದ ಹೊಲಕ್ಕೆ ಹೋಯಿತು. ತಟ್ಟೆ ಎಲ್ಲಿ ಬಿದ್ದಿದೆಯೋ ಅಲ್ಲೇ ನಿಂತು ಮತ್ತೆ ಎಸೆಯಬೇಕು, ಅದು ನಿಯಮ ಅಂದ ಆಟಗಾರ. ಇಬ್ಬರೂ ಹುಡುಕುತ್ತ ಹೋದೆವು. ಹೊಲದ ಅಜ್ಜ ಅದನ್ನು ಆಗಲೇ ತನ್ನ ನೀರಿನ ಕೊಡದ ಮೇಲೆ ಮುಚ್ಚಿಟ್ಟಿದ್ದ.

"ಎರಡ ದಿನ ಆಗಿತ್ತು ಮುಚ್ಚಳ ಕಳದು," ಅಂದ ಅಜ್ಜ. "ದೇವರನ್ನ ಕೇಳಿದ ಕೂಡಲೆ ಮ್ಯಾಲಿಂದ ಬಿತ್ತು ನೋಡ್ರಿ! ಅಳತಿನೂ ಬರೋಬ್ಬರಿ."

"ಅಜ್ಜಾರ, ಅದು ಆಟದ್ದರಿ," ಅಂದ ಆಟಗಾರ. "ಅಕ್ಕಾರು ಅದು ಇದ್ದಲ್ಲಿಂದನ ಒಗೀಬೇಕು."

ನಾನು ಕೇಳಿದೆ, "ಹಂಗಾದ್ರ ಈಗ ಕೊಡದ ಮ್ಯಾಲ ಹತ್ತಿ ನಿಂದ್ರಲೇನು?"

ರೊಟ್ಟಿ

ಆರು ಬುಟ್ಟಿ ಮುಗಿದವು, ಆರೂ ಸೋತೆ. ಪ್ರತಿ ಸಲ ನಮ್ಮವರು ಒಂದೊಂದು ಬೆರಳು ಎತ್ತಿ ತೋರಿಸಿದರು. ಅಷ್ಟರಲ್ಲಿ ಅತ್ತೆ ಮಾವಿನ ನೆರಳಲ್ಲಿ ಬುತ್ತಿ ಬಿಚ್ಚಿದರು.

"ಬ್ಯಾಡ್ರಿ ಅವ್ವಾರ, ಆಟದ ನಡುವ ನಾ ಏನೂ ತಿನ್ನೂದಿಲ್ಲ," ಅಂದ ಆಟಗಾರ.

"ರೊಕ್ಕ ಕೊಟ್ಟ ಕರಿಸೇವಂತ ಉಪಾಸ ಕೆಡವೂನೇನ? ಕುಂದರೋ ತಮ್ಮಾ."

ನಮ್ಮಲ್ಲಿ ಉಣ್ಣುವವರು "ಸಾಕು" ಅಂದರೆ "ಇನ್ನೆರಡು" ಎಂದೇ ಅರ್ಥ. ಪಾಪ, ಆತ ನಾಲ್ಕು ಸಲ ಸಾಕು ಅಂದ. ತಾಟಿಗೆ ಕೈ ಅಡ್ಡ ಹಿಡಿದರೆ ಅತ್ತೆ ಆಚೆ ಬದಿಯಿಂದ ರೊಟ್ಟಿ ಜಾರಿಸಿದರು. ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕಡೆಗೆ ಸವಣೂರಿನ ವೀಳ್ಯದೆಲೆ. ಕೊನೆಯ ಎರಡು ರೊಟ್ಟಿ ನಾನೇ ಬಡಿಸಿದೆ. ಅದು ಅತಿಥಿ ಮೇಲಿನ ಭಕ್ತಿಯಿಂದಲ್ಲ.

ಒಂಬತ್ತನೇ ಬುಟ್ಟಿ

ರೊಟ್ಟಿ ಕೆಲಸ ಮಾಡಿತು. ಏಳು, ಎಂಟು ಹೇಗೋ ಗೆದ್ದ ಆಟಗಾರ ಒಂಬತ್ತನೆಯದಕ್ಕೆ ತೇಗುತ್ತ, ಸೊಂಟ ಹಿಡಿದುಕೊಂಡು ಬಂದ. ಅವನ ತಟ್ಟೆಗೂ ನಿದ್ದೆ ಬಂದಂತಿತ್ತು. ಬುಟ್ಟಿಗೆ ಬೀಳಿಸಲು ಐದು ಎಸೆತ ಬೇಕಾದವು. ನಾನು ಮೂರೇ ಎಸೆತಕ್ಕೆ ಬುಟ್ಟಿಯಿಂದ ಒಂದು ಹೆಜ್ಜೆ ದೂರದಲ್ಲಿದ್ದೆ. ಇನ್ನೊಂದು ಎಸೆದರೆ ಗೆದ್ದೆ.

ನಮ್ಮವರ ಮುಖ ಸಣ್ಣದಾಯಿತು. "ಅಲ್ಲ, ನಮ್ಮ ಮನ್ಯಾಗ ಚಹಾಪುಡಿ ಡಬ್ಬಿ ಎಲ್ಲಿರ್ತೈತಿ?" ಅಂದರು.

ಗುರಿ ನೋಡಿ ಕೈ ಎತ್ತಿದೆ.

"ಅವ್ವಾ, ಒಂದಕ್ಕ!" ಅಂದಳು ಮಗಳು.

"ಒಂದ ನಿಮಿಷ ತಡೀ."

"ತಡಿಯಾಕ ಆಗವಲ್ದು!"

ತಟ್ಟೆಯನ್ನು ಅತ್ತೆಯ ಕೈಗಿಟ್ಟು, "ಹಿಡಕೊಂಡಿರ್ರಿ ಅತ್ತಿ, ಬಂದೆ," ಎಂದು ಮಗಳನ್ನು ಎಳೆದುಕೊಂಡು ಮರದ ಹಿಂದೆ ಓಡಿದೆ. ಅಲ್ಲಿರುವಾಗಲೇ ಸರಪಳಿ ಝಲ್ಲೆಂದಿತು. ಓಡಿ ಬಂದರೆ ಅತ್ತೆಯ ಕೈ ಖಾಲಿ, ತಟ್ಟೆ ಬುಟ್ಟಿಯಲ್ಲಿ.

"ಅದರಾಗ ಹಾಕೂದ ಹೌದಲ್ಲ?" ಅಂದರು ಅತ್ತೆ. "ಸುಮ್ಮನ ಯಾಕ ಹಿಡಕೊಂಡ ನಿಂದ್ರೂದಂತ ಒಗದೆ."

ಆಟಗಾರ ಎಸೆತದ ಲೆಕ್ಕ ಬರೆಯುವ ಚೀಟಿ ತೆಗೆದ. "ಒಗದಾವರು ಅವ್ವಾರು. ಹಂಗಾಗಿ ಈ ಬುಟ್ಟಿ ಅವ್ವಾರದು."

ನಮ್ಮವರು ದೊಡ್ಡ ಮನಸ್ಸು ಮಾಡಿದರು. "ಆತು, ಮಾತು ಅಂದ್ರ ಮಾತು. ಅವ್ವಾ, ಒಂದ ತಿಂಗಳ ನಿನಗ ನಾನ ಚಹಾ ಮಾಡಿ ಕೊಡ್ತೇನಿ."

"ನಿನ್ನ ಕೈ ಚಹಾ ನನಗ ಬ್ಯಾಡೋ ಯಪ್ಪಾ," ಅಂದರು ಅತ್ತೆ. "ನನ್ನ ಸೊಸಿ ಮಾಡಿ ಕೊಡ್ತಾಳ."

ಬಸ್ಸಿನಲ್ಲಿ ಮನೆಗೆ ಬರುವಾಗ ಮಗಳು ನನ್ನ ತೊಡೆಯ ಮೇಲೆ ಕೂತು ಬಹಳ ಹೊತ್ತು ಬೆರಳು ಮಡಚಿದಳು. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಕೇಳಿದಳು:

"ಅವ್ವಾ, ಗೆದ್ದಾಕಿ ಅಜ್ಜಿ, ಸೋತಾಂವ ಅಪ್ಪ, ಚಹಾ ಮಾಡಾಕಿ ನೀನು. ಹಂಗಾದ್ರ ನೀ ರೊಕ್ಕ ಕೊಟ್ಟಿದ್ದು ಯಾತಕ್ಕ?"