ಜರ್ಮನ್ ಹೆಲ್ಮೆಟ್ಟಿನ ಹುಚ್ಚು

ಹಳೆಯ ಜರ್ಮನ್ ಸೈನ್ಯದ ಉಕ್ಕಿನ ಹೆಲ್ಮೆಟ್ ಕೂಡಿಸುವ ಹುಚ್ಚು ಹಿಡಿದ ಮೇಲೆ ನಾನು ನೆಮ್ಮದಿಯಾಗಿ ಕೂತು ಚಹಾ ಕುಡಿದದ್ದಿಲ್ಲ, ಫಜೀತಿಗಳೂ ನನ್ನನ್ನು ಬಿಟ್ಟದ್ದಿಲ್ಲ. ಪಂಪ್‌ಸೆಟ್ ಮಾರಲು ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ಬೈಕಿನಲ್ಲಿ ತಿರುಗುತ್ತೇನೆ. ಕಣ್ಣು ಮಾತ್ರ ಗುಜರಿ ಅಂಗಡಿಗಳ ಮೇಲೆಯೇ. ಮನೆಯಲ್ಲಿ ತುಕ್ಕು ಹಿಡಿದವು ಒಂದೆರಡು ಇವೆ. ಆದರೆ ಹಳೇ ಬಣ್ಣ ಉಳಿದು, ಪಕ್ಕದಲ್ಲಿ ಹದ್ದಿನ ಗುರುತು ಇರುವಂಥದ್ದು ಒಂದಾದರೂ ಸಿಗದಿದ್ದರೆ ಈ ಜನ್ಮ ಯಾಕೆ ಬೇಕು ಅನಿಸಿಬಿಟ್ಟಿತ್ತು.

೧. ಗುಜರಿಯವನ ಸಮಾಧಾನ

ಶಹಾಬಾದಿನ ಗುಜರಿಯವನಿಗೆ ಹೇಳಿಟ್ಟಿದ್ದೆ. "ಸಿಕ್ಕದ, ಲಗೂನೆ ಬರ್ರಿ" ಎಂದು ಫೋನ್ ಮಾಡಿದ. ಉಣ್ಣುವ ತಾಟು ಬಿಟ್ಟು ಓಡಿದೆ. ಅವನು ತೋರಿಸಿದ್ದು ಹಳೇ ಟ್ರ್ಯಾಕ್ಟರಿನ ಹೆಡ್‌ಲೈಟಿನ ಡಬ್ಬಿ!

"ಇದು ಹೆಲ್ಮೆಟ್ ಅಲ್ಲಪ್ಪಾ."

"ಕಬ್ಬಿಣದ್ದದ, ಗುಂಡಗದ. ಹಾಕ್ಕೊಂಡರ ನೋಡ್ರಿ."

ಅವನ ಕಾಟಕ್ಕೆ ಹಾಕಿಕೊಂಡೆ. ಕಿವಿಯ ತನಕ ಇಳಿದು ಕೂತೇಬಿಟ್ಟಿತು. ಕೊನೆಗೆ ಗ್ರೀಸ್ ಹಚ್ಚಿ, ಇಬ್ಬರು ಹಿಡಿದು ಎಳೆದು ತೆಗೆದರು.

"ನೋಡ್ರಿ ಸಾಹೇಬ್ರ, ಇಷ್ಟು ಫಿಟ್ ಆಗೋದು ಜರ್ಮನಿದಾಗೂ ಸಿಗಂಗಿಲ್ಲ ನಿಮಗ!"

೨. ವಾಡಿಯ ದಾರಿಯಲ್ಲಿ

ಇನ್ನೊಮ್ಮೆ ನಿಜವಾದದ್ದೇ ಸಿಕ್ಕಿತು, ಹದ್ದಿನ ಗುರುತೊಂದು ಮಾತ್ರ ಇರಲಿಲ್ಲ. ಟವೆಲಿನಲ್ಲಿ ಸುತ್ತಿ, ಬೈಕಿನ ಟ್ಯಾಂಕಿನ ಮೇಲೆ ಕೂಸಿನಂತೆ ಕೂರಿಸಿಕೊಂಡು ಬರುತ್ತಿದ್ದೆ. ವಾಡಿಯ ಹತ್ತಿರ ಪೊಲೀಸರು ಕೈ ಮಾಡಿ, ಟವೆಲ್ ಬಿಚ್ಚಿಸಿದರು.

"ಹೆಲ್ಮೆಟ್ ಮುಂದ ಇಟ್ಕೊಂಡು ಬರೇ ತಲಿಲೆ ಹೊಂಟೀರಲ್ರಿ?"

"ಸಾಹೇಬ್ರ, ಇದು ಭಾಳ ಹಳೇದು. ಪೆಟ್ಟು ಬಿದ್ರ ಮತ್ತ ಸಿಗಂಗಿಲ್ಲ."

"ತಲಿ ಸಿಗ್ತದೇನ್ರಿ?"

೩. ಕಾವಿಗೆ ಕೂತ ಕೋಳಿ

ಚಿಮ್ಮನಚೋಡದಲ್ಲಿ ಪಂಪು ನೋಡಲು ಹೋದ ಮನೆಯ ಪಡಸಾಲೆಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಬಗ್ಗಿ ನೋಡಿದೆ. ಅದು ಕೂತಿದ್ದು ಬೋರಲು ಹಾಕದೆ ಅಂಗಾತ ಇಟ್ಟ ಹೆಲ್ಮೆಟ್ಟಿನಲ್ಲಿ! ಹಳೇ ಬೂದು ಬಣ್ಣ, ಪಕ್ಕದಲ್ಲಿ ಹದ್ದು. ಪಂಪಿನ ಮಾತು ಅಲ್ಲಿಗೇ ಬಿಟ್ಟೆ.

"ನಮ್ಮ ಮಾವ ಲಡಾಯಿಯಿಂದ ತಂದಿದ್ರಪ್ಪಾ" ಎಂದಳು ಮನೆಯ ಮುದುಕಿ.

"ಆಯಿ, ನನಗ ಕೊಡ್ತೀರೇನು?"

"ಒಯ್ಯಪ್ಪಾ. ಖರೆ, ಮರಿ ಆಗೋತನ ಎಬ್ಬಸಬ್ಯಾಡ."

ಆಮೇಲೆ ನನಗೆ ನಿದ್ದೆ ಎಲ್ಲಿಯದು? ಏನಾದರೊಂದು ನೆವ ಮಾಡಿ ಹೋಗುವುದು, ಕೋಳಿಯ ಮುಂದೆ ಕುಕ್ಕುರುಗಾಲಲ್ಲಿ ಕೂರುವುದು. ಹೆಂಡತಿ ಕೇಳಿಯೇಬಿಟ್ಟಳು: "ನಾ ಹಡ್ಯಾಕ ತವರಮನಿಗಿ ಹೋದಾಗ ಇಷ್ಟು ಸರ್ತಿ ಬಂದಿದ್ರೇನು?"

ಅಂತೂ ಮರಿ ಆದ ಸುದ್ದಿ ಬಂತು. ಹಾರಿಕೊಂಡು ಹೋದೆ. ಮುದುಕಿ ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡಿದು ತಂದಳು. ಅದು ಹೊಸ ತಂಬಿಗೆಯಂತೆ ಫಳಫಳ ಹೊಳೆಯುತ್ತಿತ್ತು.

"ಇಷ್ಟು ಆಸೆಪಟ್ಟು ಬಂದೀಯಪ್ಪಾ, ಹೊಲಸಿದ್ದದ್ದು ಹ್ಯಾಂಗ ಕೊಡ್ಲಿ? ಇಟ್ಟಂಗಿ ಪುಡಿ ಹಾಕಿ ತಿಕ್ಕೀನಿ."

ನನಗೆ ಅಳುವೇ ಬಂತು. "ಆಯಿ... ಆ ಹದ್ದು?"

"ಮೊದಲ ಅದನ್ನೇ ತಿಕ್ಕಿ ತಗದೆ. ಮನ್ಯಾಗ ಈಗರ ಮರಿ ಆಗ್ಯಾವ, ಹದ್ದು ಇಟ್ಕೋತಾರೇನು ಯಾರರ?"