ನನ್ನ ಅಳತೆಯ ಬೈಕು

ಗಿಡ್ಡಗೆ ಹುಟ್ಟಿದವರಿಗೆ ಲೋಕವೆಲ್ಲ ಒಂದು ಗೇಣು ಮೇಲಿರುತ್ತದೆ. ನನ್ನ ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಲೋಕಲ್ ಟ್ರೇನಿನ ಹಿಡಿಕೆ ಇಷ್ಟು ವರ್ಷಗಳಲ್ಲಿ ನನ್ನ ಕೈಗೆ ಸಿಕ್ಕಿದ್ದೇ ಇಲ್ಲ. ಡೊಂಬಿವಲಿಯಿಂದ ಠಾಣೆಯವರೆಗೆ ಅಕ್ಕಪಕ್ಕದ ಹೆಂಗಸರೇ ನನ್ನನ್ನು ಒತ್ತಿ ಹಿಡಿದು ನಿಲ್ಲಿಸಿಕೊಂಡು ಹೋಗುತ್ತಾರೆ. ಅಲ್ಲಿ ಗಾಡಿ ಬದಲಿಸಿ ಘಣಸೋಲಿಯ ಆಫೀಸು ಸೇರಿದರೆ ಅಲ್ಲಿನ ಕುರ್ಚಿಯಲ್ಲೂ ಕಾಲು ನೆಲ ಮುಟ್ಟುವುದಿಲ್ಲ. ಇದಕ್ಕೆಲ್ಲ ನಾನು ಹೊಂದಿಕೊಂಡಿದ್ದೆ. ಹುಬ್ಬಳ್ಳಿಯವಳಾಗಿ ಕುಂದಾಪುರದ ಕಡೆಯವರನ್ನು ಮದುವೆಯಾದವಳಿಗೆ ಹೊಂದಿಕೊಳ್ಳುವುದೇನೂ ಹೊಸದಲ್ಲ. ಇಪ್ಪತ್ತೆರಡು ವರ್ಷಗಳಿಂದ ಕುಚ್ಚಲಕ್ಕಿ ಅನ್ನದ ಜೊತೆ ಶೇಂಗಾ ಚಟ್ನಿ ತಿನ್ನುತ್ತಿದ್ದೇನೆ, ಇಬ್ಬರ ಕಡೆಯವರಿಂದಲೂ ಬೈಸಿಕೊಳ್ಳುತ್ತಿದ್ದೇನೆ.

ಹೊಂದಿಕೊಳ್ಳಲಾಗದೆ ಹೋದದ್ದು ನಮ್ಮ ಬಿಲ್ಡಿಂಗಿನ ಸೊಸೈಟಿಯ ಮೀಟಿಂಗಿನಲ್ಲಿ. ನಮ್ಮವರು ಮದುವೆಗೆ ಮುಂಚೆ ಕೊಂಡಿದ್ದ ಹಳೆಯ ಬೈಕೊಂದು ಮೆಟ್ಟಿಲ ಕೆಳಗೆ ಬೆಡ್‌ಶೀಟು ಹೊದ್ದುಕೊಂಡು ನಿಂತಿತ್ತು. ಅವರಿಗೆ ಬೆನ್ನುನೋವು ಶುರುವಾದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಚಾಲೂ ಇಲ್ಲದ ಗಾಡಿಗಳನ್ನೆಲ್ಲ ಮುಂದಿನ ತಿಂಗಳು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಬೇಕೆಂದು ಸೆಕ್ರೆಟರಿ ಸಾಹೇಬರು ಪ್ರಕಟಿಸಿದರು. ನಮ್ಮವರು ತಲೆಯಾಡಿಸಿಬಿಟ್ಟರು. ನನ್ನ ಬಾಯಿಂದ ಮಾತ್ರ, ನನಗೇ ತಿಳಿಯದೆ, ಮರಾಠಿಯಲ್ಲಿ ಹೊರಬಿತ್ತು: "ಆ ಗಾಡಿ ಚಾಲೂ ಆಗುತ್ತದೆ. ನಾನು ಓಡಿಸುತ್ತೇನೆ."

ಎಲ್ಲರೂ ನಕ್ಕರು. ಸೆಕ್ರೆಟರಿ ಸಾಹೇಬರು ನಗುವನ್ನು ತಡೆಹಿಡಿದು, "ವಹಿನಿ, ಹತ್ತುವುದಕ್ಕೆ ಸ್ಟೂಲು ಸೊಸೈಟಿ ಕೊಡಬೇಕೋ, ನೀವೇ ತರುತ್ತೀರೋ?" ಎಂದರು. ಮತ್ತೆ ನಕ್ಕರು. ನಮ್ಮವರೂ ನಕ್ಕರು. ಅದನ್ನು ನಾನು ನೋಡಿದೆ.

ಮನೆಗೆ ಬಂದ ಮೇಲೆ ಅವರು ಕೇಳಿದರು, "ನಿಂಗೆ ಎಂತ ಮರ್ಲಾ? ನಿನ್ನ ಕಾಲು ನೆಲಕ್ಕೆ ಎಟಕುದಿಲ್ಲ ಮಾರಾಯ್ತಿ."

"ಎಟಕೂ ಹಂಗ ಮಾಡ್ತೀನಿ," ಅಂದೆ. "ಲೈಸೆನ್ಸ್ ನನ್ನ ಕಡೆ ಐತಿ."

ಅವರು ಚಹಾದ ಲೋಟ ಕೆಳಗಿಟ್ಟರು. ಕಾಲೇಜಿಗೆ ಹೋಗುವಾಗ ಅಣ್ಣನ ಬೈಕನ್ನು ಹುಬ್ಬಳ್ಳಿಯ ಬೀದಿಗಳಲ್ಲಿ ಓಡಿಸುತ್ತಿದ್ದೆ, ಗೇರ್ ಗಾಡಿಯ ಲೈಸೆನ್ಸ್ ಮಾಡಿಸಿದ್ದೆ, ಮೊನ್ನೆ ಮೊನ್ನೆ ರಿನ್ಯೂ ಕೂಡ ಮಾಡಿಸಿದ್ದೆ. ಇಷ್ಟು ವರ್ಷ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹುಬ್ಬಳ್ಳಿಯಲ್ಲಿ ಗಾಡಿ ನಿಲ್ಲಿಸಬೇಕಾದಾಗ ಯಾವುದಾದರೂ ಕಟ್ಟೆ ಹುಡುಕಿ ಅದರ ಮೇಲೆ ಕಾಲಿಡುತ್ತಿದ್ದೆ. ಡೊಂಬಿವಲಿಯಲ್ಲಿ ಅಂಥ ಕಟ್ಟೆಗಳಿಲ್ಲ, ಇದ್ದರೂ ಅದರ ಮೇಲೆ ಯಾರೋ ವಡಾಪಾವ್ ಮಾರುತ್ತಿರುತ್ತಾರೆ. ಹಾಗಾಗಿ ಗಾಡಿಯೇ ತಗ್ಗಬೇಕಿತ್ತು.

ಮುಂಬ್ರಾದಲ್ಲಿ ಹಳೇ ಬಿಡಿಭಾಗಗಳ ಅಂಗಡಿಯಿಟ್ಟಿದ್ದ ಅನ್ವರ್ ಭಾಯಿ "ಗಾಡಿ ಯಾರಿಗೆ?" ಎಂದು ಹಿಂದಿಯಲ್ಲಿ ಕೇಳಿದರು. ನನಗೇ ಅಂದೆ. ಆ ಮನುಷ್ಯ ನಗಲಿಲ್ಲ. ಒಳಗಿನಿಂದ ಟೇಪು ತಂದು ನನ್ನ ಕೈಗೆ ಕೊಟ್ಟು, "ಸೊಂಟದಿಂದ ಹಿಮ್ಮಡಿವರೆಗೆ ನೀವೇ ಅಳತೆ ತೆಗೆಯಿರಿ," ಎಂದು ಆಚೆ ತಿರುಗಿ ನಿಂತರು. ಬ್ಲೌಸು ಹೊಲಿಯುವವರೂ ನನ್ನ ಅಳತೆಯನ್ನು ಅಷ್ಟು ಗಂಭೀರವಾಗಿ ಬರೆದುಕೊಂಡದ್ದಿಲ್ಲ. ಸಣ್ಣ ಗಾಡಿಯೊಂದರ ಗಿಡ್ಡ ಶಾಕ್‌ಅಬ್ಸಾರ್ಬರ್‌ಗಳನ್ನೂ ನನ್ನತ್ತ ಬಾಗಿದ ಹಳೇ ಹ್ಯಾಂಡಲನ್ನೂ ಆರಿಸಿಕೊಟ್ಟು, ಜೋಡಿಸುವ ಕ್ರಮವನ್ನು ಸಿಗರೇಟು ಪ್ಯಾಕಿನ ಹಿಂದೆ ಚಿತ್ರ ಬರೆದು ತೋರಿಸಿದರು.

ಮುಂದಿನ ರವಿವಾರಗಳೆಲ್ಲ ಮೆಟ್ಟಿಲ ಕೆಳಗೆ ಕಳೆದವು. ಕೊಂಡದ್ದು ಕಡಿಮೆ, ಮನೆಯಲ್ಲಿ ಸಿಕ್ಕಿದ್ದೇ ಹೆಚ್ಚು. ಸೀಟಿನ ಫೋಮನ್ನು ಬ್ರೆಡ್ಡಿನ ಚಾಕುವಿನಿಂದ ಕೊಯ್ದು ತಗ್ಗಿಸಿದೆ. ಕೊಯ್ಯುತ್ತ ಕೊಯ್ಯುತ್ತ ಹಿಂದಿನ ಭಾಗ ಪೂರ್ತಿ ಹೋಯಿತು. ಉಳಿದದ್ದಕ್ಕೆ ಹಳೇ ಸೋಫಾದ ರೆಕ್ಸಿನ್ ಹೊಲಿದೆ. ಕಾರ್ಬ್ಯುರೇಟರನ್ನು ತಿಕ್ಕಿದ್ದು ನಮ್ಮವರ ಟೂತ್‌ಬ್ರಷ್ಷಿನಿಂದ, ಅದು ಅವರಿಗೆ ಮರುದಿನ ಬೆಳಿಗ್ಗೆ ಗೊತ್ತಾಯಿತು. ಟ್ಯಾಂಕಿನೊಳಗಿನ ತುಕ್ಕಿಗೆ ಸೋಸಿದ ಹುಣಸೆನೀರು ತುಂಬಿ, ಒಂದು ಹಿಡಿ ನಟ್ಟು ಹಾಕಿ, ಮಗು ತೂಗಿದ ಹಾಗೆ ತೂಗಿದೆ. ತಾಮ್ರದ ಚೊಂಬಿಗೆ ಆಗುವುದು ಟ್ಯಾಂಕಿಗೆ ಯಾಕಾಗಬಾರದು? ಆಯಿತು. ಬಣ್ಣಕ್ಕೆ ಕಿಟಕಿಯ ಗ್ರಿಲ್ಲಿಗೆ ಬಳಿದು ಉಳಿದಿದ್ದ ಹಸಿರು. ಈಗ ದೂರದಿಂದ ನೋಡಿದವರಿಗೆ ನಮ್ಮ ಮನೆಯ ಕಿಟಕಿಯೊಂದು ಕೆಳಗಿಳಿದು ನಿಂತ ಹಾಗೆ ಕಾಣುತ್ತದೆ.

ಒಂದು ಸಂಗತಿ ನನಗೂ ಹೊಳೆದಿರಲಿಲ್ಲ, ಸಿಗರೇಟು ಪ್ಯಾಕಿನ ಮೇಲೂ ಇರಲಿಲ್ಲ. ಗಾಡಿ ತಗ್ಗಿದರೆ ಸೈಡ್ ಸ್ಟ್ಯಾಂಡು ಉದ್ದವಾಗುತ್ತದೆ. ಸ್ಟ್ಯಾಂಡಿಗೆ ಹಾಕಿ ಕೈಬಿಟ್ಟ ಮರುಕ್ಷಣ ಬೈಕು ಆಚೆ ಕಡೆಗೆ ಒರಗಿ ಸೆಕ್ರೆಟರಿ ಸಾಹೇಬರ ತುಳಸಿ ಕುಂಡದ ಮೇಲೆ ಬಿತ್ತು. ನಾನು ಹೊಸ ಕುಂಡ ತಂದು ತುಳಸಿ ನೆಟ್ಟು, ಕ್ಷಮೆ ಕೇಳಿ, ಸ್ಟ್ಯಾಂಡನ್ನು ಗರಗಸದಿಂದ ಕೊಯ್ದೆ. ತುಸು ಜಾಸ್ತಿಯೇ ಕೊಯ್ದೆ. ಈಗ ಅದು ಯಾರದೋ ಗುಟ್ಟು ಕೇಳಿಸಿಕೊಳ್ಳುವ ಹಾಗೆ ಈ ಕಡೆ ವಾಲಿ ನಿಲ್ಲುತ್ತದೆ.

ಗಾಡಿ ಚಾಲೂ ಆಗುತ್ತದೋ ಇಲ್ಲವೋ ಎಂದು ಸೆಕ್ರೆಟರಿ ಸಾಹೇಬರು ಪರೀಕ್ಷಿಸುವ ರವಿವಾರ ಬೆಳಿಗ್ಗೆ ಇಡೀ ಸೊಸೈಟಿ ಕೆಳಗಿಳಿದಿತ್ತು. ಗೇಟಿನ ಹೊರಗೆ ಭಂಗಾರದವನ ಕೈಗಾಡಿಯೂ ಬಂದು ನಿಂತಿತ್ತು. ನಾನು ಚೂಡಿದಾರದ ಓಢಣಿ ಸೊಂಟಕ್ಕೆ ಬಿಗಿದು, ಹೆಲ್ಮೆಟ್ ಹಾಕಿ, ಹತ್ತಿ ಕೂತೆ. ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದವು. ಇನ್ನೊಮ್ಮೆ ಎತ್ತಿ, ಇನ್ನೊಮ್ಮೆ ಊರಿ ನೋಡಿದೆ. ಆದರೆ ಗಾಡಿ? ಒಂದು ಕಿಕ್ಕು, ಎರಡು, ಆರು, ಏನೂ ಇಲ್ಲ. ಸೆಕ್ರೆಟರಿ ಸಾಹೇಬರು ಸೊಸೈಟಿಯ ಪುಸ್ತಕ ಬಿಚ್ಚಿ ಪೆನ್ನು ತೆಗೆದರು. ಭಂಗಾರದವನು ಹಗ್ಗ ಬಿಚ್ಚತೊಡಗಿದ.

ಆಗ ಎರಡನೇ ಮಹಡಿಯ ಕಿಟಕಿಯಿಂದ ಕೂಗು ಬಂತು: "ಚೋಕ್ ಬಂದ್ ಮಾಡು ಮಾರಾಯ್ತಿ! ಚೋಕ್!"

ಪೇಪರು ಓದುತ್ತೇನೆಂದು ಒಳಗೇ ಉಳಿದಿದ್ದ ನಮ್ಮವರು. ನನಗೆ ಮೈಯೆಲ್ಲ ಉರಿಯಿತು, ಯಾಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಎಳೆದೇ ಇಟ್ಟಿದ್ದ ಚೋಕನ್ನು ಒಳಗೊತ್ತಿ, ಆ ಸಿಟ್ಟನ್ನೆಲ್ಲ ಕಾಲಿಗಿಳಿಸಿ ಒದ್ದೆ. ಹಸಿರು ಗಾಡಿ ಕೆಮ್ಮಿತು, ಸೆಕ್ರೆಟರಿ ಸಾಹೇಬರ ಬಿಳಿ ಅಂಗಿಯ ಮೇಲೆ ಹೊಗೆ ಬಿಟ್ಟಿತು, ಆಮೇಲೆ ಗುಡುಗಿತು. ಗೇಟು ದಾಟಿ, ಸಬ್ಜಿ ಮಂಡಿಯವರೆಗೆ ಹೋಗಿ, ಸಿಗ್ನಲ್ಲಿನಲ್ಲಿ ಎಲ್ಲರಂತೆ ಕಾಲೂರಿ ನಿಂತು, ತಿರುಗಿ ಬಂದೆ. ಸೆಕ್ರೆಟರಿ ಸಾಹೇಬರು ಪುಸ್ತಕದಲ್ಲಿ "ಚಾಲೂ" ಎಂದು ಬರೆದರು. ನಾನು ನಿಂತು ಓದಿ ನೋಡಿದೆ.

ನಮ್ಮವರು ಇಳಿದು ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಚಂದ ಆಗಿದೆ," ಎಂದರು. ಆಮೇಲೆ ಸೀಟು ಮುಟ್ಟಿ ನೋಡಿ, ಮೆಲ್ಲಗೆ, "ನಾನು ಎಲ್ಲಿ ಕೂತ್ಕೊಳ್ಳುದು?"

ಸೀಟು ಒಬ್ಬರಿಗೇ ಇದ್ದದ್ದು ನನಗೂ ಆಗಲೇ ಲಕ್ಷ್ಯಕ್ಕೆ ಬಂತು. "ನೀವು ರಿಕ್ಷಾದಾಗ ಹಿಂದಿಂದ ಬರ್ರಿ," ಅಂದೆ.

ಬೈಕಿನ ಮೇಲೆ ನಾನು ದೇಶ ಸುತ್ತುತ್ತಿದ್ದೇನೆಂದು ನೀವು ತಿಳಿಯಬೇಕಾಗಿಲ್ಲ. ಆಫೀಸಿಗೆ ಇವತ್ತಿಗೂ ಲೋಕಲ್ಲೇ. ಗಾಡಿ ಹೋಗುವುದು ಸಂಜೆ ಮಾರ್ಕೆಟ್ಟಿಗೆ, ನಾಲ್ಕು ಗಲ್ಲಿ. ಆದರೆ ತರಕಾರಿ ಎಲ್ಲ ತಂದು ಕೊತ್ತಂಬರಿ ಮಾತ್ರ ಮರೆತು ಬರುತ್ತೇನೆ, ಮತ್ತೆ ಹೋಗಬೇಕಾಗುತ್ತದೆ. ಹೆಂಡತಿಗೆ ವಯಸ್ಸಾಯಿತು, ಮರೆವು ಬಂತು ಎಂದು ನಮ್ಮವರು ಮರುಗುತ್ತಾರೆ. ಮರುಗಲಿ ಎಂದು ಬಿಟ್ಟಿದ್ದೇನೆ. ನಿನ್ನೆ ಮೆಣಸಿನಕಾಯಿಯನ್ನೂ ಮರೆತೆ.